ಗೌಂಡಿ ಹುಸೇನಪ್ಪನ ಮೊಳೆ

ಬಹಳ ಹಿಂದೆ, ಈಗಿರುವವರ ಅಜ್ಜಂದಿರೂ ಹುಟ್ಟಿರದ ಕಾಲದಲ್ಲಿ, ಹೊಳೆ ಬಳಸಿ ತಿರುಗುವ ಜಾಗದಲ್ಲಿ ಒಂದು ಊರಿತ್ತು. ತೊರೆದಿನ್ನಿ ಅಂತ ಅದರ ಹೆಸರು. ಹೆಸರಿನಲ್ಲಿ ದಿನ್ನೆ ಇತ್ತು, ಊರು ಮಾತ್ರ ದಿನ್ನೆಯ ಮೇಲಿರಲಿಲ್ಲ. ಮೊದಲು ಮೇಲೆಯೇ ಇತ್ತಂತೆ. ಕೊಡ ಹೊತ್ತು ಹತ್ತುವುದು ಬೇಸರವೆಂದು ಒಂದೊಂದೇ ಮನೆ ನೀರಿನ ಕಡೆಗೆ ಇಳಿದು ಬಂತಂತೆ. ಮನೆಗಳಿಗೆ ಕಾಲಿಲ್ಲ ಎನ್ನುವವರು ತೊರೆದಿನ್ನಿಯನ್ನು ನೋಡಿಲ್ಲ.

ಆ ಊರಿಗೆ ಎರಡು ಕಾಟ. ಒಂದು ಬಿಸಿಲು, ಇನ್ನೊಂದು ಹೊಳೆ. ಬೇಸಿಗೆಯಲ್ಲಿ ಜನ ಬಿಸಿಲನ್ನು ಬೈಯುತ್ತಿದ್ದರು. ಮಳೆಗಾಲದಲ್ಲಿ ಹೊಳೆಯನ್ನು ಬೈಯುತ್ತಿದ್ದರು. ಚಳಿಗಾಲದಲ್ಲಿ ಎರಡನ್ನೂ ಮರೆತು ಮನೆ ಕಟ್ಟುತ್ತಿದ್ದರು.

ಒಂದು ವರ್ಷ ಹೊಳೆ ಬಂತು. ಊರಿನಲ್ಲಿ ಹನಿ ಮಳೆಯಿರಲಿಲ್ಲ, ಪಡುವಣ ಬೆಟ್ಟದಲ್ಲಿ ಎಲ್ಲೋ ಸುರಿದದ್ದು ಇಲ್ಲಿಗೆ ಬಂತು. ಮಣ್ಣಿನ ಗೋಡೆಗಳು ಬೆಲ್ಲದ ಹಾಗೆ ಕರಗಿದವು. ಒಂದು ಗೋಡೆಯ ಕೆಳಗೆ ಒಬ್ಬ ತಾಯಿ, ಇಬ್ಬರು ಹೆಣ್ಣುಮಕ್ಕಳು ಉಳಿದುಬಿಟ್ಟರು. ಮಗ ಹುಸೇನಪ್ಪ ಮಾತ್ರ ಮನೆಯ ಬಾಗಿಲ ಹಲಗೆಯನ್ನು ಅಪ್ಪಿಕೊಂಡು ತೇಲಿದ. ಹಲಗೆ ಹೋಗಿ ಹೊಳೆದಂಡೆಯ ಹುಣಸೆ ಮರದ ಕವಲಿಗೆ ಸಿಕ್ಕಿಕೊಂಡಿತು. ಮೂರು ದಿನ ಅವನು ಅಲ್ಲೇ ಇದ್ದನಂತೆ. ಹುಣಸೆ ಎಲೆ ತಿಂದನಂತೆ. ನೀರು ಇಳಿದಾಗ ಮರದ ತೊಗಟೆಯ ಮೇಲೆ ರಾಡಿಯ ಕಲೆ ನಿಂತಿತ್ತು. ಅದರ ಮೇಲಂಚಿಗೆ ಸರಿಯಾಗಿ, ಬಾಗಿಲ ಹಲಗೆಯಿಂದ ಕಿತ್ತ ಒಂದು ಮೊಳೆಯನ್ನು ಕಲ್ಲಿನಿಂದ ಹೊಡೆದು ಕೂರಿಸಿದ. ಆಮೇಲೆ ಇಳಿದು, ಊರು ಬಿಟ್ಟು ಹೋದ. ತಡೆಯುವುದಕ್ಕೆ ಯಾರೂ ಉಳಿದಿರಲಿಲ್ಲ.

ಎಲ್ಲಿ ಹೋದ, ಯಾರ ಕೈಕೆಳಗೆ ಕಲಿತ, ಯಾರಿಗೂ ಗೊತ್ತಿಲ್ಲ. ಕೋಟೆ ಕಟ್ಟುವವರ ಜೊತೆಗಿದ್ದ ಅಂತಾರೆ. ಗೆದ್ದಲಿನ ಹುತ್ತದ ಮುಂದೆ ಒಂದು ಬೇಸಿಗೆ ಕೂತು, ಗಾಳಿ ಎಲ್ಲಿಂದ ಒಳಹೊಕ್ಕು ಎಲ್ಲಿಂದ ಹೊರಬೀಳುತ್ತದೆಂದು ನೋಡಿ ಕಲಿತ ಅಂತಲೂ ಅಂತಾರೆ. ಮೀಸೆ ಬಂದ ಮೇಲೆ ಊರಿಗೆ ತಿರುಗಿ ಬಂದಾಗ ಅವನು ಗೌಂಡಿಯಾಗಿದ್ದ. ಗೌಂಡಿಯೆಂದರೆ ಗೋಡೆ ಕಟ್ಟುವವನು. ಆದರೆ ಹುಸೇನಪ್ಪನಿಗೆ ಗೋಡೆ ಕಡೆಯ ಕೆಲಸ. ಮೊದಲು ಅವನು ಹುಣಸೆ ಮರ ಹತ್ತುತ್ತಿದ್ದ.

ಅದು ಹೀಗೆ. ಉದ್ದನೆಯ ಒಂದು ಕಟ್ಟಿಗೆ. ಅದರ ಮೈಯಲ್ಲಿ ಕೊರೆದ ಸಣ್ಣ ಕಾಲುವೆ, ಕಾಲುವೆಯ ತುಂಬ ನೀರು. ನೀರು ಎರಡೂ ತುದಿಗೆ ಸಮ ನಿಂತರೆ ಕಟ್ಟಿಗೆ ಮಟ್ಟವಾಗಿದೆ ಅಂತ ಅರ್ಥ. ಅದನ್ನು ಮೊಳೆಯ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ಊರಿನ ಕಡೆ ನೋಡುತ್ತಿದ್ದ. ಮನೆ ಕಟ್ಟಿಸುವವನು ತನ್ನ ಜಾಗದಲ್ಲಿ ಗಳ ಹಿಡಿದು ನಿಂತು, ಅದರ ಮೇಲೆ ಅರಿವೆಯ ತುಂಡೊಂದನ್ನು ಮೇಲೆ ಕೆಳಗೆ ಸರಿಸುತ್ತಿದ್ದ. ಅರಿವೆ ಕಣ್ಣಿಗೆ ನೇರ ಬಂದಾಗ ಹುಸೇನಪ್ಪ ಮರದಿಂದಲೇ ಕೂಗುತ್ತಿದ್ದ. ಅಲ್ಲಿಗೆ ಗೆರೆ. ಕೆಮ್ಮಣ್ಣಿನ ಗೆರೆ.

ಗೆರೆಯ ಕೆಳಗೆ ಕಲ್ಲು ಮತ್ತು ಗಾರೆ, ಏಕೆಂದರೆ ನೀರು ಮಣ್ಣನ್ನು ತಿನ್ನುತ್ತದೆ. ಗೆರೆಯ ಮೇಲೆ ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆ, ಏಕೆಂದರೆ ಮಣ್ಣು ಬಿಸಿಲನ್ನು ತಿನ್ನುತ್ತದೆ. ಪಡುವಣಕ್ಕೆ ಕಿಟಕಿಯಿಲ್ಲ. ಗಾಳಿ ಬರುವ ದಿಕ್ಕಿಗೆ ಕೆಳಗೊಂದು ಸಣ್ಣ ಕಿಂಡಿ, ಮೇಲೆ ಮಣ್ಣು ಹಾಸಿದ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಕೆಳಗಿನಿಂದ ತಂಪು ಬಂದು ಮೇಲಿನಿಂದ ಬೇಗೆ ಹೋಗಬೇಕು. ಮಾಳಿಗೆಯ ಭಾರವೆಲ್ಲ ಮರದ ಕಂಬಗಳ ಮೇಲೆ, ಗೋಡೆಯ ಮೇಲೆ ಒಂದು ಬೊಗಸೆ ಮಣ್ಣಿನ ಭಾರವೂ ಇಲ್ಲ. ಗೋಡೆಗೆ ಬೀಳುವ ಸ್ವಭಾವವಿದೆ, ಅದನ್ನು ನಂಬಿ ತಲೆಯ ಮೇಲೆ ಏನನ್ನೂ ಇಡಬಾರದು ಎನ್ನುತ್ತಿದ್ದನಂತೆ.

ಮನೆ ಮುಗಿದ ಮೇಲೂ ಅವನು ಕೊಡುತ್ತಿರಲಿಲ್ಲ. ಬೇಸಿಗೆ ಬರಲಿ ಎನ್ನುತ್ತಿದ್ದ. ಬಿಸಿಲು ನೆತ್ತಿ ಸುಡುವ ದಿನ ನೋಡಿ ಒಳಗೆ ಹೋಗಿ, ಪಡುವಣ ಗೋಡೆಗೆ ಬೆನ್ನು ಕೊಟ್ಟು, ಹೊತ್ತು ಇಳಿಯುವ ತನಕ ಕೂರುತ್ತಿದ್ದ. ಒಂದು ಹನಿ ಬೆವರು ನೆಲಕ್ಕೆ ಬಿದ್ದರೆ ಗೋಡೆಯ ಮೆತ್ತಿಗೆಯನ್ನು ಕಿತ್ತು ಹೊಸದಾಗಿ ಮೆತ್ತುತ್ತಿದ್ದ. ಮನೆಯವರು ಅಷ್ಟು ದಿನ ಬೇವಿನ ಮರದ ಕೆಳಗಿದ್ದು ಅವನನ್ನು ಶಪಿಸುತ್ತಿದ್ದರಂತೆ.

ಆ ಮನೆಗಳ ಬಗ್ಗೆ ಜನ ಹೇಳುವುದಕ್ಕೆ ಲೆಕ್ಕವಿಲ್ಲ. ಅವನು ಕಟ್ಟಿದ ಮನೆಯಲ್ಲಿ ಇಟ್ಟ ಮಜ್ಜಿಗೆ ಮೂರು ದಿನ ಹುಳಿಯಾಗುತ್ತಿರಲಿಲ್ಲ ಅಂತಾರೆ. ಬಡಗಿಯವರ ಮನೆಯ ಮುದುಕನೊಬ್ಬ ಒಳಗಿನ ತಂಪಿಗೆ ಸಾಯುವುದನ್ನು ಮೂರು ಬೇಸಿಗೆ ಮುಂದೂಡಿದ, ಮಕ್ಕಳು ಬೇಸತ್ತು ಅವನನ್ನು ಹೊರಗಿನ ಚಪ್ಪರಕ್ಕೆ ಕಳಿಸಿದರು ಅಂತಾರೆ. ಮಾರಿದ ಎತ್ತೊಂದು ಕೊಂಡವನ ಮನೆಯಿಂದ ಹಗ್ಗ ಹರಿದುಕೊಂಡು ತಿರುಗಿ ಬಂದು ಹುಸೇನಪ್ಪ ಕಟ್ಟಿದ ಕೊಟ್ಟಿಗೆಯ ಗೋದಲಿಯ ಮುಂದೆಯೇ ನಿಂತಿತು ಅಂತಾರೆ. ಎತ್ತಿನ ಮಾತನ್ನು ನಾನು ನಂಬುತ್ತೇನೆ. ಎತ್ತುಗಳು ಸುಳ್ಳು ಹೇಳುವುದಿಲ್ಲ.

ಅವನು ಇನ್ನೊಂದು ಮಾತು ಕಲಿಸಿದ್ದ. ಅದನ್ನು ನೆನಪಿಡಿ. ಮೊಳೆಯ ಮಟ್ಟಕ್ಕೆ ಕಣ್ಣಿಟ್ಟು ಊರನ್ನು ನೋಡಬೇಕು. ಯಾವ ಮನೆಯ ಮಾಳಿಗೆಯ ನೆತ್ತಿ ಕಾಣುವುದಿಲ್ಲವೋ ಆ ಮನೆಯವರು ಮಾಳಿಗೆ ಹತ್ತಿ ಬದುಕುತ್ತಾರೆ. ಯಾವುದರ ನೆತ್ತಿ ಕಾಣುತ್ತದೋ ಅದು ಮೊಳೆಗಿಂತ ಕೆಳಗಿರುವ, ಮುಳುಗುವ ಮನೆ. ಇಷ್ಟೇ ಅವನ ವಿದ್ಯೆ. ಇದಕ್ಕೆ ಓದು ಬೇಡ, ಕಣ್ಣಿದ್ದರೆ ಸಾಕು.

ಕಣ್ಣೇ ಹೋಯಿತು. ವಯಸ್ಸಾದ ಮೇಲೆ ಹುಸೇನಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಮರ ಹತ್ತುವುದು ನಿಂತಿತು. ಹೊಳೆಯೂ ಅಷ್ಟು ವರ್ಷ ಬಂದಿರಲಿಲ್ಲ. ಹೊಳೆ ಬರದಿದ್ದರೆ ಊರವರು ತುಂಬ ಬುದ್ಧಿವಂತರಾಗುತ್ತಾರೆ.

ಗೆರೆಯ ಮೇಲೆ ಎಲ್ಲರಿಗೂ ಸಿಟ್ಟಿತ್ತು. ಬಾಗಿಲ ನೆತ್ತಿಯ ತನಕ ಕಲ್ಲೇ ಕಟ್ಟಬೇಕೆಂದರೆ ಗುಡ್ಡದಿಂದ ಕಲ್ಲು ತಂದು ತಂದು ಎತ್ತುಗಳ ಹೆಗಲು ಹುಣ್ಣಾಗುತ್ತಿತ್ತು. ಕಲ್ಲಿನ ಬಂಡಿ ಹೊಡೆಯುವ ಅಡಿವೆಪ್ಪನಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಈ ಅಡಿವೆಪ್ಪ ಹುಸೇನಪ್ಪನ ಬೀಗ. ಹುಸೇನಪ್ಪನ ಒಬ್ಬಳೇ ಮಗಳು ಫಕೀರವ್ವ ಅವನ ಸೊಸೆ. ಊರಿಗೆಲ್ಲ ಕಲ್ಲು ಹೊತ್ತ ಅಡಿವೆಪ್ಪ ಆ ವರ್ಷ ಕಡೆಗೂ ತನ್ನ ಮನೆ ಕಟ್ಟಲು ಹೊರಟಿದ್ದ. ಅವನ ತಮ್ಮ, ಅಕ್ಕಪಕ್ಕದವರು ಸೇರಿ ಒಂದೇ ಸಾಲಿಗೆ ಹದಿನಾಲ್ಕು ಮನೆ. ಫಕೀರವ್ವನ ಕಂಕುಳಲ್ಲಿ ಆರು ತಿಂಗಳ ಕೂಸು. ಆ ಕೂಸು ಮಲಗುವ ಮನೆಗೆ ಗೆರೆ ಎಲ್ಲಿ ಬೀಳುತ್ತದೆ ಎನ್ನುವುದೇ ಮುದುಕನಿಗೆ ಉಳಿದಿದ್ದ ಒಂದೇ ಚಿಂತೆ. ಅವನು ಕೋಲು ಊರಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಗೆರೆ ಎಲ್ಲಿ ಎಂದು ಗೊತ್ತುಮಾಡುವುದಕ್ಕೆ ಪಂಚರೂ ಕೂತರು.

ಅಡಿವೆಪ್ಪ ಎದ್ದು ನಿಂತು ಒಂದು ಪ್ರಶ್ನೆ ಹಾಕಿದ.

"ಬೀಗರ, ನೀವು ಮೊಳಿ ಹೊಡದಾಗ ನೀವೆಷ್ಟ ಎತ್ತರ ಇದ್ರಿ?"

"ಎಮ್ಮಿ ಬೆನ್ನಿನಷ್ಟ."

"ಈಗ?"

"ಈಗ ನಿಮಗಿಂತ ಒಂದ ಗೇಣ ಹೆಚ್ಚು. ಬಗ್ಗೀನಿ ಅಂತ ತಿಳೀವಲ್ದು."

"ಅಂದ್ರ ಬೆಳದ್ರಿ. ಗಿಡಾನೂ ಬೆಳದೈತಿ. ಗಿಡದ ಜೋಡಿ ಮೊಳೀನೂ ಮ್ಯಾಲ ಹೋಗೇತಿ. ಖರೆ ನೀರು ಬಂದದ್ದು ಎಷ್ಟೋ ಕೆಳಗ! ನಲವತ್ತ ವರ್ಷ ನಮ್ಮ ಎತ್ತಗೋಳು ನಿಮ್ಮ ಗಿಡ ಬೆಳದದ್ದಕ್ಕ ಕಲ್ಲ ಹೊತ್ತಾವು ನೋಡ್ರಿ."

ಕಟ್ಟೆಯ ಮೇಲಿದ್ದವರೆಲ್ಲ ಹೌದು ಹೌದು ಅಂದರು. ಇಷ್ಟು ಸರಳ ಮಾತು ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು.

ಹುಸೇನಪ್ಪ ನಿಧಾನವಾಗಿ ಕೇಳಿದ. "ಗಿಡ ಬೆಳಿಯೂದು ತುದಿಗ್ರೀ, ಮೈಗಲ್ಲ. ನಿಮ್ಮ ಅಪ್ಪ ಎಮ್ಮಿ ಕಟ್ಟಾಕ ಬೇವಿನ ಗಿಡಕ್ಕ ಒಂದ ಗೂಟ ಹೊಡದಿದ್ದ. ಸಣ್ಣಾವಿದ್ದಾಗ ಅದನ್ನ ಎಡವಿ ನೀವು ಮೊಣಕಾಲ ಒಡಕೊಂಡಿದ್ರಿ. ಅದು ಈಗೆಲ್ಲೈತಿ? ಮುಗಲಿಗೆ ಹೋಗೇತೇನು?"

"ಇಲ್ಲ..."

"ಮೊನ್ನೆ ಮತ್ತ ಅದಕ್ಕ ಕಾಲ ಬಡಕೊಂಡ್ರಂತ?"

ಜನ ನಕ್ಕರು. ಒಂದು ಗಳಿಗೆ ಎಲ್ಲವೂ ಸರಿಯಾಗುತ್ತದೆ ಅನ್ನಿಸಿತಂತೆ. ಆದರೆ ಜನರ ಮುಂದೆ ನಗೆಗೀಡಾದ ಬೀಗನಿಗೆ ಗಿಡದ ಮಾತು ಎಲ್ಲಿ ತಲೆಗೆ ಹೋಗುತ್ತದೆ. "ತನ್ನ ಗಡ್ಡ ತನಗ ಕಾಣದಾಂವ ಊರಿಗೆ ಗೆರಿ ಎಳೀತಾನ" ಅಂದ ಅಡಿವೆಪ್ಪ. ಜನ ಅದಕ್ಕೂ ನಕ್ಕರು. ಎರಡನೇ ನಗೆ ಜೋರಾಗಿತ್ತು. ಕಟ್ಟೆಯ ಮೇಲಿನ ನ್ಯಾಯ ಹಾಗೇ ತೀರ್ಮಾನವಾಗುವುದು.

ಪಂಚರು ಲೆಕ್ಕ ಹಾಕಿದರು. ಮರ ವರ್ಷಕ್ಕೆ ನಾಲ್ಕು ಬೆರಳು ಬೆಳೆಯುತ್ತದೆ ಎಂದು ಮೊದಲು ಇಟ್ಟುಕೊಂಡರು. ನಲವತ್ತು ವರ್ಷಕ್ಕೆ ಗುಣಿಸಿ ಕಳೆದರೆ, ಹೊಳೆ ಊರಿಗೆ ಬಂದೇ ಇರಲಿಲ್ಲ ಎಂದಾಯಿತು. ಇದು ಸ್ವಲ್ಪ ಹೆಚ್ಚಾಯಿತೆಂದು ಅವರಿಗೇ ಅನ್ನಿಸಿ, ಧರ್ಮದಿಂದ ವರ್ಷಕ್ಕೆ ಒಂದು ಬೆರಳೆಂದು ಗೊತ್ತುಮಾಡಿದರು. ಗೆರೆ ನಲವತ್ತು ಬೆರಳು ಕೆಳಗಿಳಿಯಿತು. ಬಾಗಿಲ ನೆತ್ತಿಯಲ್ಲಿದ್ದದ್ದು ಎದೆಮಟ್ಟಕ್ಕೆ ಬಂತು. ಎಲ್ಲರಿಗೂ ಸಮಾಧಾನವಾಯಿತು. ಹೊಳೆಯನ್ನು ಯಾರೂ ಕೇಳಲಿಲ್ಲ.

ಹುಸೇನಪ್ಪ ಜಗಳವಾಡಲಿಲ್ಲ. ಮಗಳನ್ನು ಕೊಟ್ಟವನು ಎಷ್ಟು ಜಗಳವಾಡಬಹುದು ಎನ್ನುವುದಕ್ಕೂ ಒಂದು ಗೆರೆಯಿದೆ. ಬೀಗನ ಮನೆಗೆ ಹೋಗಿ ಒಂದೇ ಮಾತು ಕೇಳಿದನಂತೆ. "ಗ್ವಾಡಿ ನಿಮ್ಮ ಮನಸಿನಂಗ ಕಟ್ರಿ. ಕಂಬ ನನಗ ಬಿಡ್ರಿ."

ಎದೆಮಟ್ಟದ ಕಲ್ಲಾದ ಮೇಲೆ ಕಂಬ ಯಾತಕ್ಕೆ, ಮಾಳಿಗೆ ಗೋಡೆಯ ಮೇಲೆಯೇ ಕೂರುತ್ತದಲ್ಲ ಎಂದು ಉಳಿದ ಹದಿಮೂರು ಮನೆಯವರು ಕಂಬ ಬಿಟ್ಟರು. ಅಡಿವೆಪ್ಪ ಮಾತ್ರ, ಮುದುಕ ಸೊಸೆಯ ಅಪ್ಪ ಎಂದು ಒಪ್ಪಿದ. ಆರು ಕಂಬ. ಕುರುಡ ಹುಸೇನಪ್ಪ ಒಂದೊಂದು ಮರವನ್ನೂ ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ ಆರಿಸಿದ. ಆಳುದ್ದ ಗುಂಡಿ ತೋಡಿಸಿ, ತಳದಲ್ಲಿ ಬಂಡೆ ಸಿಕ್ಕಿದ ಮೇಲೆಯೇ ನಿಲ್ಲಿಸಿದ. ಮಗಳು ರೊಟ್ಟಿ ತಂದರೂ ಗುಂಡಿಯ ದಂಡೆ ಬಿಟ್ಟು ಏಳಲಿಲ್ಲವಂತೆ.

ಎರಡನೇ ಮಳೆಗಾಲಕ್ಕೆ ಹೊಳೆ ಬಂತು.

ಎಂಟು ದಿನ ಜಿಟಿಜಿಟಿ ಮಳೆ. ಒಂಬತ್ತನೆಯ ದಿನ, ಜನ ಬೆಳಗಿನ ರೊಟ್ಟಿ ತಿನ್ನುವ ಹೊತ್ತಿಗೆ ನೀರು ಸಾಲಿಗೆ ಹೊಕ್ಕಿತು. ಹುಸೇನಪ್ಪ ಆ ದಿನ ಮಗಳ ಮನೆಯಲ್ಲಿದ್ದ. ಅವನ ಮನೆ ಹಳೆಯ ಗೆರೆಯದು, ಅಲ್ಲೇ ಮಾಳಿಗೆ ಹತ್ತಿ ಕೂತಿದ್ದರೆ ಅವನ ಕಾಲೂ ನೆನೆಯುತ್ತಿರಲಿಲ್ಲ. ಅದು ಗೊತ್ತಿದ್ದೇ ಇಲ್ಲಿಗೆ ಬಂದಿದ್ದ ಅಂತಾರೆ. ಗೆರೆಯ ಮೇಲಿನ ಮಣ್ಣಿನ ಗೋಡೆಗೆ ಅಂಗೈಯಿಟ್ಟು ನಿಂತಿದ್ದ. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಆಮೇಲೆ ಅವನ ಅಂಗೈ ಎಂಟು ದಿನ ನೆನೆದ ಗೋಡೆಯೊಳಕ್ಕೆ ಇಳಿಯಿತು.

"ಮೆತ್ತಗಾತು. ಮಾಳಿಗಿ ಹತ್ರಿ."

"ನೀರಿನ್ನ ಗೆರಿ ಮುಟ್ಟಿಲ್ರಿ, ಬೀಗರ" ಅಂದ ಅಡಿವೆಪ್ಪ.

ಫಕೀರವ್ವ ಮಾವನಿಗೆ ಎದುರು ಮಾತಾಡಿದ್ದು ಅದೊಂದೇ ಸಲವಂತೆ. "ಮಾವಾರ, ಗೆರೀ ಕೂಡ ನೀವು ಕುಂದರ್ರಿ. ನಾನು ಕೂಸಿನ ಕರಕೊಂಡು ಹತ್ತತೀನಿ."

ಹತ್ತಿದರು. ಅವರನ್ನು ನೋಡಿ ಪಕ್ಕದವರೂ ಬಂದು ಹತ್ತಿದರು. ಇಪ್ಪತ್ತಮೂರು ಜನ. ಎಂಟು ದಿನ ನೆನೆದ ಮಾಳಿಗೆಯ ಮಣ್ಣು ಹಸಿ ಹಿಟ್ಟಿನ ಹಾಗೆ ಭಾರ, ಅದರ ಮೇಲೆ ಇಷ್ಟು ಜನ. ಕೆಳಗೆ ತೊಲೆಗಳು ನರಳಿದವು. ಹುಸೇನಪ್ಪ ಆ ಸದ್ದನ್ನು ಕೇಳಿದ.

"ಮಾಳಿಗಿ ಮ್ಯಾಲಿನ ಮಣ್ಣ ಕೆಡವ್ರಿ. ಎಲ್ಲಾ ಕೆಡವ್ರಿ."

ಅಡಿವೆಪ್ಪ ಸುತ್ತ ನೋಡಿದ. ನಾಲ್ಕೂ ಕಡೆ ಕೆಂಪು ನೀರು. ಅವನು ಕೇಳಿದನಂತೆ, "ಕೆಡವಿದ್ರ ಸೋರತೈತಲ್ರಿ?"

ಯಾರೂ ನಗಲಿಲ್ಲ. ಕೈಯಿಂದ, ತಾಟಿನಿಂದ, ಮಣ್ಣು ಹತ್ತಿದ ಸೆರಗಿನಿಂದ ಕೆಡವಿದರು. ಮಣ್ಣು ನೀರಿಗೆ ಬಿತ್ತು. ಅದರ ಹಿಂದೆಯೇ ಒಂದೊಂದಾಗಿ ನಾಲ್ಕು ಗೋಡೆಗಳೂ ಬಿದ್ದವು. ಮಾಳಿಗೆ ಮಾತ್ರ ಆರು ಕಂಬದ ಮೇಲೆ, ಬಯಲಲ್ಲಿ ಮಲಗಲು ಹಾಕಿದ ಹೊರಸಿನ ಹಾಗೆ ನಿಂತಿತು. ಆ ಹೊರಸಿನ ಮೇಲೆ ಕೂತು ಇಪ್ಪತ್ತಮೂರು ಜನ ಉಳಿದ ಹದಿಮೂರು ಮಾಳಿಗೆಗಳನ್ನು ನೋಡಿದರು. ಅವು ಗೋಡೆಗಳ ಜೊತೆಗೇ ಹೋದವು. ಅಡಿವೆಪ್ಪನ ತಮ್ಮ ತನ್ನ ಮಾಳಿಗೆಯಿಂದ ಅಣ್ಣಾ ಎಂದು ಒಮ್ಮೆ ಕೂಗಿದನಂತೆ. ಎರಡನೇ ಸಲ ಕೂಗಲಿಲ್ಲ. ಹುಸೇನಪ್ಪ ಒಬ್ಬನಿಗೇ ಏನೂ ಕಾಣಲಿಲ್ಲ. ಅವನು ಬೀಳುವ ಸದ್ದುಗಳನ್ನು ಎಣಿಸುತ್ತ ಕೂತಿದ್ದ, ಹದಿಮೂರಕ್ಕೆ ನಿಲ್ಲಿಸಿದ ಅಂತಾರೆ.

ಹತ್ತೊಂಬತ್ತು ಜನ ಹೋದರು. ನೀರು ಇಳಿದ ಮೇಲೆ ಹುಣಸೆ ಮರದ ಹತ್ತಿರ ಹೋಗಿ ನೋಡಿದರು. ಮೊಳೆ ತೊಗಟೆಯೊಳಗೆ ಅರ್ಧ ಹುದುಗಿತ್ತು. ಮರ ಅದನ್ನು ಒಳಗೆಳೆದುಕೊಂಡಿತ್ತು, ಮೇಲೆ ಒಯ್ದಿರಲಿಲ್ಲ. ಹೊಸ ರಾಡಿಯ ಕಲೆ ಮೊಳೆಯ ತಲೆಗೆ ಸರಿಯಾಗಿ ನಿಂತಿತ್ತು.

ಇಷ್ಟಾದ ಮೇಲೆ ಊರವರಿಗೆ ಬುದ್ಧಿ ಬಂತು ಎಂದು ನೀವು ಅಂದುಕೊಂಡಿರಬಹುದು. ಬಂತು. ಅವರು ಕೂತು ಯೋಚಿಸಿ, ಹುಸೇನಪ್ಪ ಗೆರೆ ಎಳೆದದ್ದಕ್ಕೇ ಹೊಳೆ ಅಲ್ಲಿಗೆ ಬಂತು ಎಂದು ಕಂಡುಹಿಡಿದರು. ಎಲ್ಲಿಗೆ ಬರಬೇಕೆಂದು ಗುರುತು ಮಾಡಿ ಕರೆದರೆ ಯಾರು ತಾನೇ ಬರುವುದಿಲ್ಲ? ಇನ್ನು ಮೇಲೆ ಅವನು ಯಾರ ಗೋಡೆಯನ್ನೂ ಮುಟ್ಟಕೂಡದು ಎಂದು ಪಂಚರು ಹೇಳಿದರು. ಅವನು ಕಟ್ಟಿದ ಮಾಳಿಗೆಯ ಮೇಲೆ ಬದುಕಿದ ಇಬ್ಬರು ಆ ಪಂಚರಲ್ಲಿದ್ದರು.

ಮನೆ ಹೋದವರೆಲ್ಲ ಹಳೆಯ ದಿನ್ನೆಯ ಮೇಲೆ ಇದ್ದರು. ಯಾವುದೋ ದೂರದ ಊರಿನ ಪುಣ್ಯವಂತರು ತಗಡು ಕಳಿಸಿದ್ದರು. ಗೋಡೆಗೂ ತಗಡು, ಮೇಲೂ ತಗಡು, ಬಾಗಿಲು ಪಡುವಣಕ್ಕೆ. ಹುಸೇನಪ್ಪನ ಮನೆ ಗಟ್ಟಿಯಾಗಿತ್ತು. ಮನೆ ಕಳೆದುಕೊಂಡ ಎರಡು ಸಂಸಾರಕ್ಕೆ ಅದನ್ನು ಬಿಟ್ಟು, ಅವನು ಮಗಳ ಜೊತೆ ತಗಡಿನಡಿಗೆ ಬಂದ. ಬೇಸಿಗೆ ಬಂತು. ಒಂದು ಮಧ್ಯಾಹ್ನ ಅವನು ಕೈ ಚಾಚಿ ಗೋಡೆಯನ್ನು ಮುಟ್ಟಿ, ಸುಟ್ಟುಕೊಂಡು, ಕೈ ಹಿಂದಕ್ಕೆ ತೆಗೆದ.

"ಯವ್ವಾ, ಈ ಗ್ವಾಡಿ ಎಷ್ಟ ದಪ್ಪ ಐತಿ?"

"ಮುತ್ತಲ ಎಲಿಯಷ್ಟಪ್ಪಾ."

ಮುದುಕ ಸುಟ್ಟ ಅಂಗೈಯನ್ನು ಊದಿಕೊಂಡ. "ಇದನ್ನ ಕೊಡೂ ಮುಂದ ಅವ್ರು ಒಳಗ ಒಂದ ಮಧ್ಯಾನ್ನ ಕುಂತ ನೋಡಿದ್ರೇನು?" ಅಂದ.

ಆ ದಿನವೇ ಅವನ ಜೀವ ಹೋಯಿತು. ಕೂಸಿಗೆ ಬಿಸಿ ತಾಗದಿರಲೆಂದು ಪಡುವಣ ತಗಡಿಗೆ ತನ್ನ ಬೆನ್ನು ಕೊಟ್ಟು ಕೂತಿದ್ದನಂತೆ. ನೆಲವೆಲ್ಲ ಬೆವರಿನಿಂದ ಒದ್ದೆಯಾಗಿತ್ತು ಅಂತಾರೆ. ಮಜ್ಜಿಗೆ ಕೆಡದ ಮನೆ ಕಟ್ಟಿದವನು ಬೇಗೆಗೆ ಸತ್ತ. ಕೂಸು ಉಳಿಯಿತು.

ಸತ್ತ ಮೇಲೆ ಅವನು ದೊಡ್ಡವನಾದ. ಬದುಕಿದ್ದವನು ಕಲ್ಲು ಹೊರಿಸುತ್ತಾನೆ, ಸತ್ತವನಿಗೆ ಕಾಯಿ ಒಡೆದರೆ ಸಾಕು. ಹುಣಸೆ ಮರದ ಕೆಳಗೆ ಅವನನ್ನು ಹೂತಲ್ಲಿ ಗದ್ದುಗೆಯಾಯಿತು. ಬೇಸಿಗೆ ಕಳೆಯಿತು, ಕೊಡ ಹೊತ್ತು ದಿನ್ನೆ ಹತ್ತುವುದು ಬೇಸರವಾಯಿತು, ಮನೆಗಳು ಮತ್ತೆ ಕೆಳಗಿಳಿದವು. ಫಕೀರವ್ವ ಯಾರಿಗೂ ಬೈಯಲಿಲ್ಲ. ಮುಂಗಾರಿಗೆ ಮುಂಚೆ ಒಂದು ದಿನ ಗೊತ್ತುಮಾಡಿ, ಏಣಿ ಇಟ್ಟು ಮರ ಹತ್ತಿ, ಅಪ್ಪನ ಮೊಳೆಗೆ ತಾನೇ ಒಂದು ಹೂವಿನ ಹಾರ ಹಾಕಿದಳು. ಪ್ರತಿ ವರ್ಷ ಊರಿನ ಒಬ್ಬರು ಹೀಗೆ ಹತ್ತಬೇಕು ಅಂದಳು. ಪೂಜೆಗೆಂದು ಜನ ತಿಳಿದರು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ವರ್ಷಕ್ಕೆ ಒಬ್ಬರ ಕಣ್ಣಾದರೂ ಮೊಳೆಯ ಮಟ್ಟಕ್ಕೆ ಹೋಗಲಿ ಅಂತ.

ಆ ಪದ್ಧತಿ ಇವತ್ತಿಗೂ ತಪ್ಪಿಲ್ಲ. ತೊರೆದಿನ್ನಿಯಲ್ಲಿ ಮುಂಗಾರಿಗೆ ಮುಂಚೆ ಎಲ್ಲ ಮನೆಗಳ ಗೋಡೆಗೂ ಕೆಮ್ಮಣ್ಣಿನ ಗೆರೆ ಎಳೆಯುತ್ತಾರೆ. ತೋಳು ನೋಯದಷ್ಟು ಎತ್ತರಕ್ಕೆ ಎಳೆಯುತ್ತಾರೆ. ಸಿಮೆಂಟಿನ ಗೋಡೆ, ತಗಡಿನ ಮಾಡು, ಪಡುವಣಕ್ಕೆ ದೊಡ್ಡ ಗಾಜಿನ ಕಿಟಕಿ, ಒಳಗೆ ಬಿಸಿಗಾಳಿಯನ್ನು ಎಲ್ಲರಿಗೂ ಸಮನಾಗಿ ಹಂಚುವ ಫ್ಯಾನು, ಹೊರಗೆ ಹುಸೇನಪ್ಪಜ್ಜನ ಗೆರೆ. ಆಮೇಲೆ ಒಬ್ಬ ಏಣಿ ಹತ್ತಿ ಮೊಳೆಗೆ ಹಾರ ಹಾಕುತ್ತಾನೆ. ಮೊಳೆ ಈಗ ಕಾಣುವುದಿಲ್ಲ, ತೊಗಟೆಯಲ್ಲಿ ಒಂದು ಗಂಟು ಮಾತ್ರ ಇದೆ. ಹತ್ತಿದವನು ಹೊತ್ತು ಮುಳುಗುವ ತನಕ ಮಾತಾಡಬಾರದು ಎಂದು ನಡುವೆ ಯಾರೋ ಒಂದು ನೇಮ ಸೇರಿಸಿದ್ದಾರೆ. ಫಕೀರವ್ವ ಹಾಗೆ ಹೇಳಿರಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಹುಗ್ಗಿ ಉಂಡು ಎಲ್ಲರೂ ಅವರವರ ಮನೆ ಸೇರಿರುತ್ತಾರೆ. ಮಾತು ಉಳಿದವನು ಅದನ್ನು ಯಾರಿಗೆ ಹೇಳಬೇಕು?

ಹನ್ನೊಂದು ವರ್ಷ ನಾನೇ ಹತ್ತಿದ್ದೇನೆ. ಹಾರ ಹಾಕಿ ತಿರುಗಿ, ಕಣ್ಣನ್ನು ಆ ಗಂಟಿನ ಮಟ್ಟಕ್ಕೆ ತಂದು ಊರನ್ನು ನೋಡಿದ್ದೇನೆ. ಮೊದಲನೇ ವರ್ಷ ನೆತ್ತಿ ಕಾಣುವ ಮಾಡುಗಳು ಹದಿನೇಳಿದ್ದವು. ಪ್ರತಿ ವರ್ಷ ಎಣಿಸಿದೆ, ಪ್ರತಿ ವರ್ಷ ಇಳಿದೆ, ಪ್ರತಿ ವರ್ಷ ಹುಗ್ಗಿ ಉಂಡೆ. ಈಗ ಮೊಣಕಾಲು ಏಣಿಗೆ ಒಪ್ಪುವುದಿಲ್ಲ, ಮೌನದ ನೇಮವೂ ನನಗಿಲ್ಲ. ಅದಕ್ಕೇ ನಿಮ್ಮನ್ನು ಕೂರಿಸಿಕೊಂಡು ಇಷ್ಟೆಲ್ಲ ಹೇಳಿದೆ.

ಕಡೆಯ ವರ್ಷ ಎಣಿಸಿದಾಗ ಐವತ್ತಮೂರಾಗಿತ್ತು. ಮರದ ಕಡೆಯಿಂದ ಹನ್ನೆರಡನೆಯದು, ನೀಲಿ ತಗಡಿನದು, ನಾವೀಗ ಕೂತಿರುವ ಮನೆ.